ಹೆರಿಗೆ ರಜೆಯ ಚರಿತ್ರೆ: ವಾರಗಳ ಲೆಕ್ಕವೂ ವೆಚ್ಚದ ಹೊಣೆಯೂ

ನಮ್ಮ ದೇಶದಲ್ಲಿ ದುಡಿಯುವ ತಾಯಂದಿರ ರಜೆಯ ಹಕ್ಕನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದನ್ನು ವಾರಗಳ ಏರಿಕೆಯ ಕಥೆಯಾಗಿ ನಿರೂಪಿಸುತ್ತಾರೆ. 1961ರ ಪ್ರಸೂತಿ ಸೌಲಭ್ಯ ಕಾಯಿದೆಯಲ್ಲಿ 12 ವಾರ, 2017ರ ತಿದ್ದುಪಡಿಯಲ್ಲಿ 26 ವಾರ. ಆದುದರಿಂದ ಪ್ರಗತಿ ನಿರ್ವಿವಾದ ಎಂಬುದು ಈ ನಿರೂಪಣೆಯ ಸಾರ. ಅಂಕಿಗಳು ತಪ್ಪಲ್ಲ. ಹಸುಗೂಸಿನ ಪಾಲಿಗೆ ತಾಯಿಯ ಆರು ತಿಂಗಳ ಸಾಮೀಪ್ಯವು ಅಲ್ಪ ಲಾಭವೂ ಅಲ್ಲ. ಆದರೆ ಕಾಯಿದೆಯೊಂದರ ಚರಿತ್ರೆಯನ್ನು ಬರೆಯುವವರು, ಅದು ಎಷ್ಟು ಕೊಟ್ಟಿತೆಂಬುದರ ಜೊತೆಗೆ, ಯಾರ ಕೈಯಿಂದ ಕೊಡಿಸಿತು, ಯಾರನ್ನು ಹೊರಗಿಟ್ಟಿತು ಎಂಬುದನ್ನೂ ಕೇಳಬೇಕು. ಹಾಗೆ ಕೇಳಿದೊಡನೆ ಕಥೆಯ ರೂಪವೇ ಬದಲಾಗುತ್ತದೆಂದು ನಾವು ಭಾವಿಸುತ್ತೇವೆ.

ವೆಚ್ಚದ ಪ್ರಶ್ನೆ ಹೊಸದೇನೂ ಅಲ್ಲ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು, ಹೆರಿಗೆಯ ಹಿಂದೆ ಮುಂದೆ ಆರಾರು ವಾರಗಳ ಬಿಡುವನ್ನು ಗೊತ್ತುಪಡಿಸಿದಾಗಲೇ, ಅದರ ಹಣವು ಸರ್ಕಾರದ ಬೊಕ್ಕಸದಿಂದಲೋ ವಿಮೆಯ ಏರ್ಪಾಟಿನಿಂದಲೋ ಬರಬೇಕೆಂದು ಹೇಳಿತ್ತು. 1928ರಲ್ಲಿ ಮುಂಬಯಿಯ ಶಾಸನ ಸಭೆಯಲ್ಲಿ ಪ್ರಸೂತಿ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿದ ಡಾಕ್ಟರ್ ಅಂಬೇಡ್ಕರರು, ತಾಯಿಯ ವಿಶ್ರಾಂತಿಯು ರಾಷ್ಟ್ರದ ಹಿತಕ್ಕೆ ಸೇರಿದುದೆಂದೂ ಆದುದರಿಂದ ಭಾರದ ಬಹುಭಾಗವನ್ನು ಸರ್ಕಾರವೇ ಹೊರಬೇಕಾದುದು ಯುಕ್ತವೆಂದೂ ವಾದಿಸಿದರು. ಮಾಲೀಕನ ಹೊಣೆಯನ್ನು ಅವರು ಅಲ್ಲಗಳೆಯಲಿಲ್ಲವೆಂಬುದನ್ನೂ ಮರೆಯಬಾರದು. ಆದರೆ 1929ರ ಮುಂಬಯಿ ಕಾಯಿದೆಯು ಭಾರವನ್ನು ಮಾಲೀಕನ ಮೇಲೆಯೇ ಹೊರಿಸಿತು.

1948ರ ನೌಕರರ ರಾಜ್ಯ ವಿಮಾ ಕಾಯಿದೆಯು ವಂತಿಗೆಯಿಂದ ಕೂಡಿದ ನಿಧಿಯ ಮೂಲಕ ಬೇರೊಂದು ಮಾರ್ಗವನ್ನು ತೆರೆಯಿತು. 1961ರ ಕಾಯಿದೆಯಾದರೋ, ಈ ವಿಮೆಗೆ ಒಳಪಡದವರ ವಿಷಯದಲ್ಲಿ, ಹಳೆಯ ಮುಂಬಯಿ ಮಾರ್ಗವನ್ನೇ ಹಿಡಿಯಿತು. 2017ರ ತಿದ್ದುಪಡಿಯು ವಾರಗಳನ್ನು ಹೆಚ್ಚಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರವನ್ನು ವಿಧಿಸಿತು. ಪಾವತಿಯ ಹೊಣೆಯನ್ನು ಮಾತ್ರ ಮುಟ್ಟಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೇ ಏರ್ಪಾಟು ಮುಂದುವರಿದಿದೆ. ವಾರಗಳು ಇಮ್ಮಡಿಗೂ ಮಿಕ್ಕಿದವು. ಅವುಗಳೊಡನೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕನು ಹಿಂಜರಿಯುವ ಕಾರಣವೂ ಬೆಳೆಯಿತು. 2000ದ ಅಂತರರಾಷ್ಟ್ರೀಯ ಒಪ್ಪಂದವು ಮಾಲೀಕನೊಬ್ಬನನ್ನೇ ನೇರ ಹೊಣೆಗಾರನನ್ನಾಗಿ ಮಾಡಬಾರದೆಂಬುದನ್ನು ಸಾಮಾನ್ಯ ನಿಯಮವಾಗಿ ಇರಿಸಿದುದು ಈ ಅಪಾಯವನ್ನು ಅರಿತೇ.

ಹೊರಗುಳಿದವರ ಕಡೆಗೆ ನೋಡೋಣ. ಹಾಜರಿ ಪಟ್ಟಿಯ ಮೇಲೆ ದಿನಗೂಲಿಗೆ ದುಡಿಯುತ್ತಿದ್ದ ದೆಹಲಿ ನಗರಪಾಲಿಕೆಯ ಹೆಂಗಸರಿಗೂ ಈ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು 2000ದಲ್ಲಿ. ಅಂದರೆ ಕಾಯಿದೆಯಾಗಿ 39 ವರ್ಷಗಳ ತರುವಾಯ. ಪರರ ಹೊಲದಲ್ಲಿ ಕಳೆ ಕೀಳುವವಳಿಗೂ ಪರರ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೂ 26 ವಾರವೆಂಬುದು ಕೇಳಿದ ಮಾತು ಮಾತ್ರ. 2013ರ ಆಹಾರ ಭದ್ರತಾ ಕಾಯಿದೆಯು ಗರ್ಭಿಣಿಯರಿಗೆ 6,000 ರೂಪಾಯಿಗೆ ಕಡಮೆಯಿಲ್ಲದ ನೆರವನ್ನು ಹೇಳಿದೆ. ಭಾರವನ್ನು ಸರ್ಕಾರವೇ ಹೊತ್ತ ಈ ಒಂದು ಎಡೆಯಲ್ಲಿ ಅದು ಎಷ್ಟು ಹಗುರವಾಯಿತೆಂಬುದನ್ನು ಓದುಗರೇ ಗಮನಿಸಬಹುದು.

ಇನ್ನು ತಂದೆಯ ಮಾತು. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ನಿಯಮಾನುಸಾರ 15 ದಿನಗಳ ರಜೆಯುಂಟು; 2020ರ ಸಂಹಿತೆಯಲ್ಲಿ ತಂದೆಯ ರಜೆಯ ಪ್ರಸ್ತಾಪವೇ ಇಲ್ಲ. ಸ್ವೀಡನ್ ದೇಶವು 1974ರಲ್ಲಿಯೇ ತಾಯಿಯ ರಜೆಯನ್ನು ತಂದೆತಾಯಿಯರಿಬ್ಬರ ರಜೆಯನ್ನಾಗಿ ಮಾರ್ಪಡಿಸಿ, ವೆಚ್ಚವನ್ನು ಸಾಮಾಜಿಕ ವಿಮೆಗೆ ಸೇರಿಸಿತು. ಆದರೂ ತಂದೆಯರು ವಿರಳವಾಗಿಯೇ ಮುಂದೆ ಬಂದುದರಿಂದ, 1995ರಲ್ಲಿ ಪರಸ್ಪರ ಬಿಟ್ಟುಕೊಡಲಾಗದ ಒಂದು ತಿಂಗಳನ್ನು ಅಲ್ಲಿ ಮೀಸಲಿಡಬೇಕಾಯಿತು. ಹಕ್ಕನ್ನು ಬರೆದಿಟ್ಟ ಮಾತ್ರಕ್ಕೆ ರೂಢಿ ಬದಲಾಗದೆಂಬ ಪಾಠ ಇದರಲ್ಲಿದೆ.

ನಮ್ಮ ಆಕ್ಷೇಪವು ರಜೆಯ ದೀರ್ಘತೆಯ ಮೇಲಲ್ಲ, ಅದೊಂದನ್ನೇ ಅಳತೆಗೋಲಾಗಿ ಹಿಡಿಯುವ ಚರಿತ್ರೆಯ ಮೇಲೆ. ಮಗುವಿನ ಪಾಲನೆ ಸಮಾಜದ ಕಾರ್ಯವೋ, ತಾಯಿಯೊಬ್ಬಳ ಕಾರ್ಯವೋ ಎಂಬ 1928ರ ಚರ್ಚೆ ಇನ್ನೂ ಮುಗಿದಿಲ್ಲ. ಮುಂದಿನ ಸಂಶೋಧಕರು ಕಾಯಿದೆಯ ಪುಟಗಳೊಡನೆ ಹಾಜರಿ ಪಟ್ಟಿಗಳನ್ನೂ ತೆರೆದು ನೋಡುವರೆಂದು ಆಶಿಸುತ್ತೇವೆ.