ಮಾರಾಟಕ್ಕಿದೆ ಡ್ಯಾಕ್: ಒಂದು ಜಾಹೀರಾತಿನ ಭೌತವಿಜ್ಞಾನ

ಬಳಸಿದ ಸ್ಕೂಟರ್ ಕೊಳ್ಳಲು ಹೋದರೆ ನೀವು ಏನು ಕೇಳುತ್ತೀರಿ? ಎಷ್ಟು ಕಿಲೋಮೀಟರ್ ಓಡಿದೆ, ಮೈಲೇಜ್ ಎಷ್ಟು, ಎಂಜಿನ್ ಬಿಚ್ಚಿದ್ದಾರೆಯೆ ಎಂದು. ಬಳಸಿದ ದುಬಾರಿ ಡ್ಯಾಕ್ ಕೊಳ್ಳಲು ಹೋದವರು ಕೇಳುವುದೇ ಬೇರೆ. ಧ್ವನಿ ಬೆಚ್ಚಗಿದೆಯೆ? ಗಾಯಕಿ ಎದುರಿಗೇ ಕುಳಿತಂತೆ ಅನ್ನಿಸುತ್ತದೆಯೆ? ಮಾರುವವರೂ ಇದನ್ನೇ ಬರೆಯುತ್ತಾರೆ. ಹದಿನೈದು ಸಾಲಿನ ಜಾಹೀರಾತಿನಲ್ಲಿ ಉಪಯೋಗಕ್ಕೆ ಬರುವ ಸಂಖ್ಯೆ ಬೆಲೆಯೊಂದೇ. ಇಂಥ ಜಾಹೀರಾತನ್ನು ಟೀಕಿಸುವ ಹಕ್ಕು ನನಗೆ ಪೂರ್ತಿಯಾಗಿ ಇಲ್ಲ. ಕಳೆದ ವರ್ಷ ಅಂಥದೊಂದನ್ನು ನಾನೇ ಬರೆದೆ.

ಡ್ಯಾಕ್ ಎಂದರೆ ಅಂಕೀಯ ಸಂಕೇತವನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಪರಿವರ್ತಕ. ಕಂಪ್ಯೂಟರು, ಮೊಬೈಲುಗಳಲ್ಲಿ ಅದು ಒಳಗೇ ಅಡಗಿರುತ್ತದೆ. ದುಬಾರಿ ಡ್ಯಾಕ್‌ನಲ್ಲಿ ಅದಕ್ಕೆ ಬೇರೆ ಪೆಟ್ಟಿಗೆ, ಬೇರೆ ವಿದ್ಯುತ್ ಪೂರೈಕೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ, ಅಂದರೆ 65,536 ಮಟ್ಟಗಳಲ್ಲಿ ಒಂದಾಗಿ ದಾಖಲಿಸುತ್ತಾರೆ. ಹೀಗೆ ಬಿಡಿಬಿಡಿಯಾಗಿ ಅಳೆದ ಅಲೆ ಮೆಟ್ಟಿಲಿನಂತೆ ಒರಟಾಗಿರುತ್ತದೆ, ದುಬಾರಿ ಡ್ಯಾಕ್ ಅದನ್ನು ನಯಗೊಳಿಸುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಇದು ತಪ್ಪು. ಅಲೆಯ ಅತಿ ಹೆಚ್ಚಿನ ಆವೃತ್ತಿಯ ಎರಡು ಪಟ್ಟಿಗಿಂತ ವೇಗವಾಗಿ ಅಳೆದರೆ ಮೂಲ ಅಲೆಯನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂದು ಕ್ಲಾಡ್ ಶಾನನ್ 1949ರ ಪ್ರಬಂಧದಲ್ಲಿ ತೋರಿಸಿದ್ದಾನೆ. ಮೆಟ್ಟಿಲನ್ನು ಅಳಿಸುವ ಸೋಸುಕ ಅಗ್ಗದ ಡ್ಯಾಕ್‌ನಲ್ಲಿಯೂ ಇರುತ್ತದೆ.

ಇನ್ನು 32 ಬಿಟ್ ಎಂಬ ದಪ್ಪಕ್ಷರದ ಸಾಲು. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್. 16 ಬಿಟ್ಟಿಗೆ 98 ಡೆಸಿಬೆಲ್ ವ್ಯಾಪ್ತಿ ಸಿಗುತ್ತದೆ, 32ಕ್ಕೆ ಲೆಕ್ಕದ ಪ್ರಕಾರ 194. ಆದರೆ ಕೋಣೆಯ ತಾಪದಲ್ಲಿ 1,000 ಓಮ್‌ನ ಒಂದು ಸಾಮಾನ್ಯ ರೋಧಕ ತನ್ನ ಉಷ್ಣದಿಂದಲೇ, 20,000 ಹರ್ಟ್ಸ್ ವ್ಯಾಪ್ತಿಯೊಳಗೆ, ಸುಮಾರು 0.57 ಮೈಕ್ರೊವೋಲ್ಟ್ ಗದ್ದಲ ಹುಟ್ಟಿಸುತ್ತದೆ. ಡ್ಯಾಕ್‌ನ ವಾಡಿಕೆಯ 2 ವೋಲ್ಟ್ ಸಂಕೇತದೊಡನೆ ಹೋಲಿಸಿದರೆ ಈ ಅಂತರ 131 ಡೆಸಿಬೆಲ್. ಅಂದರೆ ಮಂಡಲದಲ್ಲಿ ಈ ಒಂದು ರೋಧಕವಷ್ಟೇ ಇದ್ದರೂ 22 ಬಿಟ್‌ಗಳು ತುಂಬುವುದಿಲ್ಲ. ಉಳಿದ ಹತ್ತು ಬಿಟ್‌ಗಳು ನಿಮಗೆ ಕೇಳಿಸುವುದು ರೋಧಕದ ಬಿಸಿಯನ್ನೇ, ಅದೂ ಕೇಳಿಸಿದರೆ! ಬೋಲ್ಟ್ಸ್‌ಮನ್ ನಿಯತಾಂಕ ಯಾವ ಕಂಪನಿಗೂ ರಿಯಾಯಿತಿ ಕೊಡುವುದಿಲ್ಲ. ಧ್ವನಿಯ ಮಟ್ಟವನ್ನು ಅಂಕಿಗಳಲ್ಲೇ ಏರಿಳಿಸುವಾಗ ಹೆಚ್ಚಿನ ಬಿಟ್‌ಗಳಿಂದ ಲೆಕ್ಕದ ದೋಷ ತಗ್ಗುತ್ತದೆ ಎಂಬುದು ನಿಜ. ಜಾಹೀರಾತು ಹೇಳುವುದು ಅದನ್ನಲ್ಲ.

ನನ್ನ ಕಥೆಗೆ ಬರೋಣ. ನನ್ನ ಡ್ಯಾಕ್‌ಗೆ ಹೊಸದರಲ್ಲಿ ಒಂದೂವರೆ ಲಕ್ಷ ಕೊಟ್ಟಿದ್ದೆ. ಮಾರಲು ನಿರ್ಧರಿಸಿ, ಬೆಚ್ಚಗಿನ ಧ್ವನಿ, ಆಳವಾದ ಮೌನ ಎಂದೆಲ್ಲ ಬರೆದೆ. ಬರೆದದ್ದು ಸುಳ್ಳಲ್ಲ, ಅದರ ಇಪ್ಪತ್ತನೇ ಒಂದು ಭಾಗ ಬೆಲೆಯ ಪುಟ್ಟ ಡ್ಯಾಕ್‌ನ ಪಕ್ಕ ಇಟ್ಟು ಕೇಳಿದಾಗ ಹಾಗೆಯೇ ಅನ್ನಿಸಿತ್ತು. ಪ್ರಕಟಿಸುವ ಮುನ್ನ, ಅಧ್ಯಾಪಕನ ಹಳೆಯ ಚಾಳಿಯಿಂದ, 1,000 ಹರ್ಟ್ಸ್ ಅಲೆ ಹಾಯಿಸಿ ಎರಡರ ವಿಭವ ಅಳೆದೆ. ದುಬಾರಿಯದು 0.8 ಡೆಸಿಬೆಲ್ ಹೆಚ್ಚು, ವೋಲ್ಟೇಜಿನಲ್ಲಿ ಶೇಕಡಾ 10ರಷ್ಟು. ಇಷ್ಟು ಸಣ್ಣ ವ್ಯತ್ಯಾಸವನ್ನು ಕಿವಿ ‘ಜೋರು’ ಎಂದು ಗುರುತಿಸದೆ ‘ಚೆನ್ನ’ ಎಂದು ಗುರುತಿಸುತ್ತದೆ. ಎರಡನ್ನೂ 0.1 ಡೆಸಿಬೆಲ್‌ನೊಳಗೆ ಸಮಗೊಳಿಸಿ, ಪರದೆಯ ಹಿಂದೆ ಕುಳಿತ ಸಹೋದ್ಯೋಗಿಯೊಬ್ಬರು ನಾಣ್ಯ ಚಿಮ್ಮಿ ಆರಿಸುವಂತೆ ಮಾಡಿದೆ. 20ರಲ್ಲಿ ನನ್ನ ಸರಿಯುತ್ತರ 11. ಆಕಸ್ಮಿಕವಲ್ಲ ಎನ್ನಲು ಕನಿಷ್ಠ 15 ಬೇಕಿತ್ತು. ಐವತ್ತು ದಾಟಿದ ನನ್ನ ಕಿವಿಗೆ 12,000 ಹರ್ಟ್ಸ್‌ನಾಚೆ ಏನೂ ಕೇಳಿಸದು, ಆದ್ದರಿಂದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳನ್ನು ಕೂರಿಸಿದೆ. ಅವಳದು 9.

ಇದೇನೂ ಹೊಸ ಸಂಗತಿಯಲ್ಲ. 2007ರಲ್ಲಿ ಬ್ರಾಡ್ ಮೆಯರ್ ಮತ್ತು ಡೇವಿಡ್ ಮೊರನ್ ಉನ್ನತ ದರ್ಜೆಯ ಧ್ವನಿಮುದ್ರಣಗಳನ್ನು ನೇರವಾಗಿಯೂ, ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಕೇಳಿಸಿದ್ದರು. 554 ಯತ್ನಗಳಲ್ಲಿ ಸರಿಯಾದದ್ದು 276. ಎಲ್ಲ ಡ್ಯಾಕ್‌ಗಳೂ ಒಂದೇ ಎಂದು ಇದರಿಂದ ಸಾಧಿಸಿದಂತಾಗಲಿಲ್ಲ. ಕೆಟ್ಟ ವಿನ್ಯಾಸದ್ದು, ವಯಸ್ಸಾದದ್ದು ಖಂಡಿತ ಬೇರೆಯಾಗಿ ಕೇಳಿಸಬಹುದು. ಜಾಹೀರಾತು ಮುಚ್ಚಿಡುವುದು ಈ ವಯಸ್ಸನ್ನೇ.

ಹಳೆಯ ಪೆಟ್ಟಿಗೆಯಲ್ಲಿ ಮೊದಲು ಸಾಯುವುದು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್. ಸ್ಥೂಲವಾಗಿ, 10 ಡಿಗ್ರಿ ಸೆಲ್ಸಿಯಸ್ ತಾಪ ಏರಿದರೆ ಅದರ ಆಯುಸ್ಸು ಅರ್ಧವಾಗುತ್ತದೆ. ‘ಎಂದೂ ಆರಿಸಿಲ್ಲ, ಸದಾ ಬೆಚ್ಚಗಿಟ್ಟಿದ್ದೇವೆ’ ಎಂದು ಹೆಮ್ಮೆಯಿಂದ ಬರೆಯುವವರು ಇದನ್ನು ಯೋಚಿಸಬೇಕು. ಪರೀಕ್ಷೆ ಸುಲಭ. ಸಂಗೀತ ನಿಲ್ಲಿಸಿ, ಡ್ಯಾಕ್‌ನ ನಿರ್ಗಮವನ್ನು ಒಳ್ಳೆಯ ಸೌಂಡ್ ಕಾರ್ಡಿಗೆ ಕೊಟ್ಟು, ಉಚಿತ ತಂತ್ರಾಂಶದಲ್ಲಿ ರೋಹಿತ ನೋಡಿ. ನಮ್ಮ 50 ಹರ್ಟ್ಸ್ ವಿದ್ಯುತ್ತನ್ನು ಏಕಮುಖಗೊಳಿಸಿದಾಗ ಬರುವ 100 ಹರ್ಟ್ಸ್ ಮತ್ತದರ ಗುಣಕಗಳಲ್ಲಿ ಮೊನೆಗಳು ಎದ್ದಿದ್ದರೆ ಕೆಪ್ಯಾಸಿಟರ್ ಒಣಗಿರಬಹುದೆಂದು ಅನುಮಾನಿಸಿ. ಯು.ಎಸ್.ಬಿ. ಬಗ್ಗೆಯೂ ಕೇಳಿ. ವೇಗದ ಯು.ಎಸ್.ಬಿ. ಧ್ವನಿ ಮಾನಕ 2006ರಲ್ಲೇ ಬಂದರೂ ವಿಂಡೋಸ್ ಅದನ್ನು ತಾನಾಗಿ ಗುರುತಿಸತೊಡಗಿದ್ದು 2017ರಲ್ಲಿ. ಹಿಂದಿನ ಅನೇಕ ಡ್ಯಾಕ್‌ಗಳಿಗೆ ತಯಾರಕರದೇ ಚಾಲಕ ತಂತ್ರಾಂಶ ಬೇಕು. ತಯಾರಕರು ಅಂಗಡಿ ಮುಚ್ಚಿದ್ದರೆ ಅದು ಸಿಗದಿರಬಹುದು. ಚಿಪ್ ಕೆಟ್ಟರೆ ಇನ್ನೂ ಕಷ್ಟ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕದಲ್ಲಿ ಅಸಾಹಿ ಕಸೆಯ ಚಿಪ್ ಕಾರ್ಖಾನೆ ಸುಟ್ಟಾಗ ಹಲವು ತಯಾರಕರು ತಮ್ಮ ಡ್ಯಾಕ್‌ಗಳನ್ನೇ ಬೇರೆ ಚಿಪ್‌ಗೆ ಬದಲಿಸಬೇಕಾಯಿತು. ಅಮೆರಿಕದಿಂದ ತಂದದ್ದಾದರೆ ಅದು 230 ವೋಲ್ಟ್ ತಡೆಯುತ್ತದೆಯೆ ಎಂದು ನೋಡದೆ ಪ್ಲಗ್ ಹಾಕಬೇಡಿ.

ನಾನು ಜಾಹೀರಾತನ್ನು ಹರಿದು ಒಂದು ಪುಟ ಬರೆದೆ. ಕೊಂಡ ವರ್ಷ, ಎಡ ಬಲ ನಿರ್ಗಮಗಳ ವಿಭವ, ಗದ್ದಲದ ರೋಹಿತ, ರಿಪೇರಿ ವಿವರ, ಕೊನೆಯಲ್ಲಿ ಆ 11 ಮತ್ತು 9. ಹೆಡ್‌ಫೋನ್ ಕೈಯಲ್ಲಿ ಹಿಡಿದು ಬಂದ ಯುವಕ ಮೊದಲು ಕೇಳಿದ್ದು, “ಧ್ವನಿ ಬೆಚ್ಚಗಿದೆಯಾ ಸರ್?” ಕಾಗದ ಕೊಟ್ಟೆ. ನಿಧಾನವಾಗಿ ಓದಿದರು.

“ಮುಂದೆ ನಾನು ಇದನ್ನ ಮಾರುವಾಗ ಈ ಕಾಗದಾನೂ ತೋರಿಸಬೇಕಾ ಸರ್?”

“ತೋರಿಸಿ” ಎಂದೆ.

“ಹಾಗಾದ್ರೆ ಇನ್ನೂ ಎಂಟು ಸಾವಿರ ಇಳಿಸಿ.”

ಇಳಿಸಿದೆ.