ಬಹಿಷ್ಕಾರ ಹೂಡಿದ ಹೆಂಗಸರು

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದರು, ಊರಿನ ಕಪ್ಪು ಜನ ಬಸ್ಸು ಹತ್ತುವುದನ್ನೇ ನಿಲ್ಲಿಸಿದರು, ಮಾರ್ಟಿನ್ ಲೂಥರ್ ಕಿಂಗ್ ಆ ಬಹಿಷ್ಕಾರವನ್ನು ಮುನ್ನಡೆಸಿದರು. ಜಗತ್ತು ನೆನಪಿಟ್ಟುಕೊಂಡಿರುವ ಈ ಕಥೆ ಸುಳ್ಳಲ್ಲ, ಆದರೆ ಅರ್ಧ. ಬಂಧನದ ಸುದ್ದಿ ಒಂದು ವಾರಾಂತ್ಯದೊಳಗೆ ಇಡೀ ಊರಿನ ನಿರ್ಧಾರವಾಗಿ ಬದಲಾದದ್ದು ಹೇಗೆಂದು ಅದು ಹೇಳುವುದಿಲ್ಲ. ಆ ಉಳಿದರ್ಧವನ್ನು ಹೇಳುವುದು ಜೋ ಆನ್ ರಾಬಿನ್ಸನ್ ಅವರ ನೆನಪಿನ ಬರಹ, ‘ದಿ ಮಾಂಟ್‌ಗೊಮರಿ ಬಸ್ ಬಾಯ್ಕಾಟ್ ಅಂಡ್ ದಿ ವಿಮೆನ್ ಹೂ ಸ್ಟಾರ್ಟೆಡ್ ಇಟ್’ (1987). ಮರೆತ ಕೆಲವು ಹೆಸರುಗಳನ್ನು ಚರಿತ್ರೆಗೆ ಸೇರಿಸಿ ಸುಮ್ಮನಾಗುವ ಪುಸ್ತಕ ಇದಲ್ಲ. ಯಾರನ್ನು ನಾಯಕರೆಂದು ಕರೆಯಬೇಕು ಎಂಬ ನಮ್ಮ ಅಳತೆಯನ್ನೇ ಇದು ತಿದ್ದುತ್ತದೆ.

ರಾಬಿನ್ಸನ್ ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ಮೇರಿ ಫೇರ್ ಬರ್ಕ್ಸ್ 1946ರಲ್ಲಿ ಕಟ್ಟಿದ ‘ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್’ನ ಅಧ್ಯಕ್ಷೆಯೂ ಹೌದು. ಪಾರ್ಕ್ಸ್ ಬಂಧನದ ರಾತ್ರಿ ಅವರು ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿನಲ್ಲೇ ಕೂತು, ಸೋಮವಾರ ಬಸ್ಸು ಹತ್ತಬೇಡಿ ಎಂದು ಕೇಳುವ ಹತ್ತಾರು ಸಾವಿರ ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿದರು. ಒಂದು ಹಾಳೆಯಲ್ಲಿ ಮೂರು ಪ್ರತಿ. ಅವನ್ನು ಕತ್ತರಿಸಿ ಕಟ್ಟು ಕಟ್ಟುವಷ್ಟರಲ್ಲಿ ಬೆಳಗಿನ ಜಾವ. ಶುಕ್ರವಾರ ತಮ್ಮ ತರಗತಿ ಮುಗಿಸಿ, ಶಾಲೆಯಿಂದ ಶಾಲೆಗೆ ಹೋಗಿ ಹಂಚಿದರು. ಆ ಕರಪತ್ರದಲ್ಲಿ ಪಾರ್ಕ್ಸ್ ಹೆಸರಿರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಇದೇ ಕಾರಣಕ್ಕೆ ಬಂಧಿತಳಾಗಿದ್ದ ಹದಿನೈದರ ಹುಡುಗಿ ಕ್ಲಾಡೆಟ್ ಕಾಲ್ವಿನ್ ಹೆಸರಿತ್ತು. ಎಂದರೆ ಬರೆದವರ ಮನಸ್ಸಿನಲ್ಲಿ ಇದು ಒಂದು ದಿನದ ಘಟನೆಯಾಗಿರಲಿಲ್ಲ, ಬೆಳೆಯುತ್ತ ಬಂದ ಅನ್ಯಾಯದ ಸರಣಿಯಾಗಿತ್ತು.

ಮೂವತ್ತು ವರ್ಷಗಳ ಮೇಲೆ ಬರೆದ ನೆನಪನ್ನು ಎಷ್ಟು ನಂಬಬಹುದು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 1954ರ ಮೇ 21ರಂದು ರಾಬಿನ್ಸನ್ ಮೇಯರ್ ಗೇಲ್ ಅವರಿಗೆ ಬರೆದ ಪತ್ರ ಉಳಿದಿದೆ. ಬಸ್ಸಿನ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ, ಅವರು ಹತ್ತದಿದ್ದರೆ ಬಸ್ಸು ಓಡುವುದಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ. ಅದು ಪಾರ್ಕ್ಸ್ ಬಂಧನಕ್ಕಿಂತ ಒಂದೂವರೆ ವರ್ಷ ಹಿಂದಿನದು. ಕಿಂಗ್ ಇಲ್ಲದಿದ್ದರೆ ಚಳವಳಿ 381 ದಿನ ನಿಲ್ಲುತ್ತಿತ್ತೇ ಎಂಬುದು ಇನ್ನೊಂದು ಆಕ್ಷೇಪ. ಅವರ ಮಾತು ಜನರಿಗೆ ಕೊಟ್ಟ ಧೈರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೂ ಡಿಸೆಂಬರ್ 5ರ ಸೋಮವಾರ ಬೆಳಿಗ್ಗೆ ಬಸ್ಸುಗಳು ಖಾಲಿ ಓಡಿದವು. ಚಳವಳಿ ನಡೆಸಿದ ಸಂಘಟನೆಗೆ ಕಿಂಗ್ ಅಧ್ಯಕ್ಷರಾಗಿ ಆಯ್ಕೆಯಾದದ್ದು ಅದೇ ಮಧ್ಯಾಹ್ನ. ರಾಬಿನ್ಸನ್ ಚಳವಳಿಯ ಎಲ್ಲ ಹಂತಗಳಲ್ಲೂ ದುಡಿದರೆಂದು 1958ರ ತಮ್ಮ ಪುಸ್ತಕದಲ್ಲಿ ಕಿಂಗ್ ಅವರೇ ಒಪ್ಪಿಕೊಂಡಿದ್ದಾರೆ. ಹಾಗಾದರೆ ರಾಬಿನ್ಸನ್ ತಾವಾಗಿಯೇ ಮರೆಯಲ್ಲಿ ಉಳಿಯಲಿಲ್ಲವೇ? ಉಳಿದರು, ನಿಜ. ಸರ್ಕಾರದ ಹಣದಿಂದ ನಡೆಯುವ ಕಾಲೇಜು ಅದು. ಹೆಸರು ಹೊರಬಿದ್ದರೆ ಕೆಲಸಕ್ಕೂ ಕಾಲೇಜಿಗೂ ಕುತ್ತು. ಹೋರಾಟದ ದಿನಗಳಲ್ಲಿ ಅನಿವಾರ್ಯವಾಗಿದ್ದ ಆ ಮೌನವನ್ನು ಚರಿತ್ರೆ ಬರೆಯುವವರು ತಮ್ಮ ಮರೆವಿಗೆ ನೆಪ ಮಾಡಿಕೊಳ್ಳಬಾರದು.

ಪುಸ್ತಕಕ್ಕೂ ಮಿತಿಗಳಿವೆ. ಓದಿದ, ಸಂಬಳವಿದ್ದ ಮಹಿಳೆಯರ ಸಂಘಟನೆಯ ಕಣ್ಣಿನಿಂದ ಅದು ಊರನ್ನು ನೋಡುತ್ತದೆ. ಬಿಳಿಯರ ಮನೆಗೆಲಸಕ್ಕೆ ಮೈಲಿಗಟ್ಟಲೆ ನಡೆದುಹೋದ ಹೆಂಗಸರ ಒಳದನಿ ಅಲ್ಲಿ ಅಷ್ಟಾಗಿ ಕೇಳುವುದಿಲ್ಲ. ಅಡುಗೆ ಮಾಡಿ ಮಾರಿ, ಬಂದ ಹಣವನ್ನು ಚಳವಳಿಗೆ ಒಪ್ಪಿಸಿದ ಜಾರ್ಜಿಯಾ ಗಿಲ್ಮೋರ್ ಅವರಂಥವರನ್ನು ತಿಳಿಯಲು ಬೇರೆ ಆಕರಗಳನ್ನೂ ಓದಬೇಕು. ನ್ಯಾಯಾಲಯದ ಹೋರಾಟದಲ್ಲೂ ಹೆಚ್ಚು ಪರಿಚಿತವಲ್ಲದ ಹೆಸರುಗಳೇ ಇದ್ದವು. ಬಸ್ಸಿನ ವರ್ಣಭೇದವನ್ನು ಕಾನೂನಿನಲ್ಲಿ ಕೊನೆಗಾಣಿಸಿದ ‘ಬ್ರೌಡರ್ ವಿರುದ್ಧ ಗೇಲ್’ ಮೊಕದ್ದಮೆಯ ಫಿರ್ಯಾದಿಗಳಲ್ಲಿ ಪಾರ್ಕ್ಸ್ ಇರಲಿಲ್ಲ. ಕೊನೆಯವರೆಗೂ ನಿಂತವರು ನಾಲ್ವರು ಹೆಂಗಸರು: ಅರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ಅದೇ ಕಾಲ್ವಿನ್.

ಈ ಮಿತಿಗಳಿಂದ ರಾಬಿನ್ಸನ್ ವಾದ ದುರ್ಬಲವಾಗುವುದಿಲ್ಲ, ಇನ್ನಷ್ಟು ವಿಸ್ತಾರವಾಗುತ್ತದೆ. ಪತ್ರ ಬರೆಯುವುದು, ಹಣ ಕೂಡಿಸುವುದು, ಕರಪತ್ರ ಮನೆಮನೆಗೆ ಮುಟ್ಟಿಸುವುದು, ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುವುದು ನಾಯಕತ್ವದ ಸಹಾಯಕ ಕೆಲಸಗಳಲ್ಲ; ಅವೇ ನಾಯಕತ್ವ. ನಾಗರಿಕ ಹಕ್ಕುಗಳ ಹೋರಾಟವನ್ನು ಕಿಂಗ್ ಅವರ ಭಾಷಣಗಳಿಂದ ಅರಿತವರು ರಾಬಿನ್ಸನ್ ಅವರ ಪುಸ್ತಕವನ್ನೂ ಓದಬೇಕು.