ಸಾಕವ್ವನ ಮನೆ ಮತ್ತು ನಮ್ಮ ತರಗತಿ

ದಲಿತ ಸಾಹಿತ್ಯವೂ ಅದರ ಬೆನ್ನಿಗಿರುವ ಚಳವಳಿಯೂ ನಮ್ಮ ವಿಶ್ವವಿದ್ಯಾನಿಲಯಗಳ ಪಠ್ಯಕ್ರಮದಲ್ಲಿ ಸ್ಥಾನ ಪಡೆದು ಅನೇಕ ವರ್ಷಗಳಾದವು. ಅದು ಆಗಬೇಕಾಗಿದ್ದ ಕೆಲಸ, ಆದದ್ದು ಸಂತೋಷ. ಆದರೆ ಈ ಪಾಠ ಕೇಳುವ ವಿದ್ಯಾರ್ಥಿಗಳ ಅನುಭವವೇನು, ಅವರು ತರಗತಿಯಿಂದ ಏನನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾರೆ ಎಂದು ವಿಚಾರಿಸಿದವರು ವಿರಳ. ನಮ್ಮ ವಿಮರ್ಶೆ ಕೃತಿಯನ್ನು ಕುರಿತು ಮಾತನಾಡುತ್ತದೆ, ಕೃತಿಕಾರನನ್ನು ಕುರಿತು ಮಾತನಾಡುತ್ತದೆ. ಬೆಂಚಿನ ಮೇಲೆ ಕುಳಿತು ಓದುವ ಹುಡುಗ ಹುಡುಗಿಯರನ್ನು ಮಾತ್ರ ಮರೆಯುತ್ತದೆ. ಹಂಗಳದಲ್ಲಿ ಮನೆ ಮಾಡಿಕೊಂಡು, ದಿನವೂ ಬಸ್ಸು ಹತ್ತಿ ಹೋಗಿ ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳುವ ನಾನು ಈ ಮರೆವಿನಲ್ಲಿ ಪಾಲುದಾರ. ಆದ್ದರಿಂದ ಈ ಮಾತುಗಳನ್ನು ಬೇರೆಯವರ ಮೇಲಿನ ದೂರೆಂದು ವಾಚಕರು ಭಾವಿಸಬಾರದು.

ಈ ಪಾಠ ಯಾರೋ ಕರುಣಿಸಿ ಕೊಟ್ಟದ್ದಲ್ಲ. 1973ರ ನವೆಂಬರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ನಾಡಿನಲ್ಲಿ ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರು ಮಂತ್ರಿಪದವಿ ಬಿಡಬೇಕಾಯಿತು. ಆ ಏಟು ತಿಂದ ತಲೆಮಾರಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಿತು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂದು ಕೇಳಿ ಇಲ್ಲವೆನ್ನಿಸಿಕೊಂಡ ಮೇಲೆ ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಗೋಷ್ಠಿಯೊಂದನ್ನೂ ಪಡೆಯಲಾರದೆ ಹೋದ ಸಾಹಿತ್ಯ ಇಂದು ಪರೀಕ್ಷೆಯ ಪತ್ರಿಕೆಯಾಗಿದೆ. ಬಾಗಿಲು ತೆರೆದಿದೆಯೆಂಬುದರಲ್ಲಿ ಸಂಶಯವಿಲ್ಲ. ಒಳಗೆ ಬಂದವರನ್ನು ನಾವು ಎಲ್ಲಿ ಕೂರಿಸಿದ್ದೇವೆ ಎಂಬುದು ಮುಂದಿನ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಒಂದು ತೀಕ್ಷ್ಣತೆಯುಂಟು. ದೇವನೂರ ಮಹಾದೇವರು ಪಕ್ಕದ ನಂಜನಗೂಡು ತಾಲ್ಲೂಕಿನವರು. 1984ರಲ್ಲಿ ಪ್ರಕಟವಾಗಿ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಕುಸುಮಬಾಲೆ’ಯ ಭಾಷೆ ನಮ್ಮ ಮಕ್ಕಳ ಮನೆಮಾತಿಗೆ ತೀರ ಹತ್ತಿರ. ಬೇರೆ ಸೀಮೆಯ ವಿದ್ವಾಂಸರು ಆ ಗದ್ಯದ ಎದುರು ತಡವರಿಸಿದ್ದುಂಟು. ಅದನ್ನು ಸುಲಭವಾಗಿ ಓದಿಕೊಳ್ಳಲೆಂದೇ ಎಲ್. ಬಸವರಾಜು ಅವರಂಥ ಹಿರಿಯರು ಪದ್ಯದಂತೆ ಸಾಲು ಮುರಿದು ಕೊಟ್ಟರು. ನಮ್ಮ ಹುಡುಗರಿಗೆ ಆ ತೊಡಕಿಲ್ಲ. ನಾನು ಮೊದಲ ಪುಟವನ್ನು ಗಟ್ಟಿಯಾಗಿ ಓದಿದ ದಿನ ಹಿಂದಿನ ಬೆಂಚುಗಳಲ್ಲಿ ನಗೆಯೆದ್ದಿತು. ಅದು ಗೇಲಿಯ ನಗೆಯಲ್ಲ. ಅವ್ವ ಅಜ್ಜಿಯರ ಮಾತು ಅಚ್ಚಾಗಿರಬಹುದೆಂಬುದೇ ಅವರಿಗೆ ಗೊತ್ತಿರಲಿಲ್ಲ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಮನೆಯ ಹುಡುಗನೊಬ್ಬ, ಅದುವರೆಗೆ ತುಟಿ ಬಿಚ್ಚದವನು, ಮರುದಿನ ತಾನೇ ಎದ್ದು ಮುಂದಿನ ಪುಟವನ್ನು ಓದಿದ. ನನ್ನ ಓದಿನಲ್ಲಿಲ್ಲದ ಲಯ ಅವನ ಓದಿನಲ್ಲಿತ್ತು. ಮೇಷ್ಟರಾಗಿ ನಾನು ಕಂಡ ಒಳ್ಳೆಯ ದಿನಗಳಲ್ಲಿ ಅದೊಂದು.

ಕೆಟ್ಟ ದಿನವನ್ನೂ ಹೇಳಬೇಕು. ಅದು ‘ಒಡಲಾಳ’ದ ಪಾಠ. ಕಳೆದುಹೋದ ಹುಂಜಕ್ಕಾಗಿ ಹಲುಬುವ ಸಾಕವ್ವ, ಸಾಹುಕಾರನ ಕಳ್ಳೇಕಾಯಿ ಮೂಟೆ ಮನೆಗೆ ಬಂದ ರಾತ್ರಿ ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ಅದನ್ನು ತಿಂದು ಮುಗಿಸುವುದು, ಆಮೇಲೆ ಪೊಲೀಸರು ಬರುವುದು — ಈ ಭಾಗವನ್ನು ವಿವರಿಸುತ್ತಿದ್ದೆ. ಹಸಿವಿನ ವಿಷಯ ಬಂದಾಗ, ಕೇರಿಯಿಂದ ಬರುವ ಒಬ್ಬ ವಿದ್ಯಾರ್ಥಿಯನ್ನು ನೋಡಿ, ‘ನೀನು ಹೇಳಪ್ಪ, ನಿಮ್ಮ ಕಡೆ ಇದೆಲ್ಲ ಹೇಗೆ?’ ಎಂದೆ. ಸದುದ್ದೇಶದಿಂದಲೇ ಕೇಳಿದೆನೆಂದು ನನ್ನ ಭಾವನೆ. ತರಗತಿ ಅವನ ಕಡೆ ತಿರುಗಿತು. ಅವನು ನಿಂತ, ನೆಲ ನೋಡಿದ, ‘ಅದು ಸಾಕವ್ವನ ಮನ ಸಾ, ನಮ್ಮನ ಅಲ್ಲ’ ಎಂದು ಕುಳಿತ. ಮುಂದಿನ ವಾರವೆಲ್ಲ ಅವನು ಆ ಪಿರಿಯಡ್ಡಿಗೆ ಬರಲಿಲ್ಲ.

ಅವನ ಆ ಒಂದು ಮಾತಿನಲ್ಲಿ ನಾನು ಓದಿದ ಎಷ್ಟೋ ವಿಮರ್ಶೆಗಿಂತ ಹೆಚ್ಚಿನ ವಿವೇಕವಿದೆ. ಒಂದನೆಯದಾಗಿ, ಅದು ಒಳ್ಳೆಯ ಸಾಹಿತ್ಯವಿಚಾರ: ಸಾಕವ್ವ ಒಬ್ಬ ಲೇಖಕನ ಪ್ರತಿಭೆ ಕಡೆದ ಪಾತ್ರ, ಜನಗಣತಿಯ ಅಂಕಿಯಲ್ಲ. ಎರಡನೆಯದಾಗಿ, ಅದು ನ್ಯಾಯದ ಮಾತು: ಅವನು ಬಂದದ್ದು ಓದಲಿಕ್ಕೆ, ಸಾಕ್ಷಿ ಹೇಳಲಿಕ್ಕಲ್ಲ. ಪಂಪಭಾರತ ಓದುವಾಗ ನಾನು ಯಾವ ವಿದ್ಯಾರ್ಥಿಯನ್ನೂ ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದು ಕೇಳಿದವನಲ್ಲ. ಇಲ್ಲಿ ಮಾತ್ರ, ಉಳಿದವರೆಲ್ಲ ಓದುಗರು, ಇವನೊಬ್ಬ ಓದಿನ ವಸ್ತು ಎಂಬಂತೆ ನಡೆದುಕೊಂಡೆ. ಊರು ಕೇರಿಗಳ ನಡುವಿನ ಗೆರೆಯನ್ನು ಅಳಿಸಲೆಂದು ಬಂದ ಪಾಠದಿಂದಲೇ ಆ ಗೆರೆಯನ್ನು ತರಗತಿಯೊಳಗೆ ಎಳೆದವನು ನಾನು.

ಮಳೆಗಾಲದಲ್ಲಿ ಹಂಗಳದ ಸುತ್ತ ಚೆಂಡುಹೂವಿನ ಹೊಲಗಳು ಅರಳುತ್ತವೆ. ಗೋಪಾಲಸ್ವಾಮಿ ಬೆಟ್ಟಕ್ಕೂ ಊಟಿಗೂ ಹೋಗುವ ಪ್ರವಾಸಿಗಳು ಕಾರು ನಿಲ್ಲಿಸಿ, ಹೊಲಕ್ಕಿಳಿದು, ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೂ ಬಿಡಿಸುವ ಹೆಂಗಸರು ಮಂಕರಿ ಹಿಡಿದು ಬದುವಿನಲ್ಲಿ ಕಾಯುತ್ತಾರೆ. ಪ್ರವಾಸಿಗಳು ಕೆಟ್ಟವರಲ್ಲ, ಹೂವಿನ ಚೆಲುವನ್ನು ಮೆಚ್ಚಿಯೇ ಬಂದವರು. ಆದರೆ ಕೂಲಿ ಎಷ್ಟು, ಹೂವಿಗೆ ಈ ವರ್ಷ ಬೆಲೆಯೇನು ಎಂಬುದು ಅವರ ಚಿತ್ರದಲ್ಲಿ ಬೀಳುವುದಿಲ್ಲ. ಅಂದಿನ ನನ್ನ ಪಾಠವೂ ಅಂಥದೇ ಒಂದು ಫೋಟೋ ಆಗಿತ್ತೆಂದು ಬಸ್ಸಿನ ಕಿಟಕಿಯಿಂದ ಆ ಹೊಲಗಳನ್ನು ನೋಡುವಾಗಲೆಲ್ಲ ನನಗೆ ಅನ್ನಿಸುತ್ತದೆ.

ತಮ್ಮ ಬದುಕೇ ಪಠ್ಯವಾಗುವ ಈ ಸಂದರ್ಭ ನಮಗೊಬ್ಬರಿಗೇ ಒದಗಿದ್ದಲ್ಲ. ಅಮೆರಿಕದಲ್ಲಿ 1968ರ ಮಾರ್ಚಿಯಲ್ಲಿ ಪೂರ್ವ ಲಾಸ್ ಏಂಜಲಿಸ್‌ನ ಸಾವಿರಾರು ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ತಮ್ಮ ಜನರ ಚರಿತ್ರೆಯನ್ನೂ ಶಾಲೆಯಲ್ಲಿ ಹೇಳಿಕೊಡಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಆ ಕಾಲದಲ್ಲೇ ಕ್ಯಾಲಿಫೋರ್ನಿಯದ ಕಾಲೇಜುಗಳಲ್ಲಿ ಅಂಥ ಪಾಠಗಳು ಆರಂಭವಾದವು. ಇಂದು ಅಲ್ಲಿಯ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಲ್ಯಾಟಿನೋ ರಾಜಕೀಯವೆಂಬುದೇ ಒಂದು ಅಧ್ಯಯನದ ವಿಷಯ. ಅರಿಜೋನ ರಾಜ್ಯ 2010ರಲ್ಲಿ ಇಂಥ ಬೋಧನೆಯ ವಿರುದ್ಧ ಕಾನೂನನ್ನೇ ಮಾಡಿತು. 2012ರಲ್ಲಿ ಟೂಸಾನ್ ನಗರದ ಶಾಲೆಗಳಲ್ಲಿ ಆ ಪಾಠ ನಿಂತಿತು. 2017ರಲ್ಲಿ ನ್ಯಾಯಾಲಯ ಆ ನಿಷೇಧದ ಹಿಂದೆ ಜನಾಂಗದ್ವೇಷವಿತ್ತೆಂದು ತೀರ್ಪಿತ್ತಿತು. ಒಂದು ಸಮುದಾಯ ತನ್ನ ಕಥೆಯನ್ನು ಪಠ್ಯದಲ್ಲಿ ಓದುವುದು ಅಧಿಕಾರದಲ್ಲಿರುವವರಿಗೆ ಎಷ್ಟು ಕಸಿವಿಸಿಯ ಸಂಗತಿ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮಲ್ಲಿ ಹಾಗೆ ಯಾರೂ ನಿಷೇಧಿಸಲಿಲ್ಲ. ನಿಷೇಧಕ್ಕಿಂತ ಮೆತ್ತಗಿನ ಒಂದು ಉಪಾಯ ನಮ್ಮಲ್ಲುಂಟು: ಅದನ್ನು ಹತ್ತು ಅಂಕದ ಪ್ರಶ್ನೆ ಮಾಡಿಬಿಡುವುದು.

ಉತ್ತರಪತ್ರಿಕೆಗಳನ್ನು ನೋಡಿದವರಿಗೆ ಇದು ಗೊತ್ತು. ಶೋಷಣೆ, ಆಕ್ರೋಶ, ಪ್ರತಿಭಟನೆ, ಸ್ವಾಭಿಮಾನ — ನಾಲ್ಕು ಅಂಶ, ನಾಲ್ಕು ಅಡಿಗೆರೆ. ಎಲ್ಲರದೂ ಒಂದೇ ನೋಟ್ಸು. ಹುಂಜ ಅಲ್ಲಿಲ್ಲ, ಕಳ್ಳೇಕಾಯಿ ಅಲ್ಲಿಲ್ಲ, ಸಾಕವ್ವನ ನಾಲಗೆ ಅಲ್ಲಿಲ್ಲ. ಒಬ್ಬಳು ಹುಡುಗಿ ಮಾತ್ರ ಸಾಕವ್ವನ ಮಾತನ್ನು ಇದ್ದಂತೆಯೇ ಬರೆದಿದ್ದಳು. ಮೌಲ್ಯಮಾಪಕರೊಬ್ಬರು ಅದರ ಕೆಳಗೆ ಕೆಂಪುಮಸಿಯಲ್ಲಿ ಗೆರೆ ಎಳೆದು ಕಾಗುಣಿತ ದೋಷವೆಂದು ಅಂಕ ಕಳೆದಿದ್ದರು. ಪ್ರಶಸ್ತಿ ಪಡೆದ ಲೇಖಕನ ಭಾಷೆ ಹುಡುಗಿಯ ಉತ್ತರದಲ್ಲಿ ತಪ್ಪಾಯಿತು. ಆ ಮಾತು ಅವಳ ಮನೆಯದೂ ಹೌದೆಂಬುದನ್ನು ನೆನೆದರೆ, ಗೆರೆ ಬಿದ್ದದ್ದು ಎಲ್ಲಿ ಎಂದು ವಿವರಿಸಬೇಕಾಗಿಲ್ಲ.

ಸಾಹಿತ್ಯದ ತರಗತಿಯಲ್ಲಿ ರಾಜಕೀಯವೇಕೆ ಎಂದು ನನ್ನ ಕೆಲವು ಮಿತ್ರರು ಕೇಳುತ್ತಾರೆ. ಪಂಪನ ಕರ್ಣನ ಮುಂದೆ ಕುಲದ ಮಾತೆದ್ದಾಗ, ವಚನಕಾರರು ಕುಲವನ್ನು ಪ್ರಶ್ನಿಸಿದಾಗ ಅವರಿಗೆ ರಾಜಕೀಯ ಕಾಣಿಸುವುದಿಲ್ಲ. ಪಕ್ಕದ ತಾಲ್ಲೂಕಿನ, ನಮ್ಮ ಕಾಲದ ಮಾತಾದರೆ ಕಾಣಿಸುತ್ತದೆ. ಹತ್ತಿರದ್ದು ಚುಚ್ಚುತ್ತದೆ, ಅಷ್ಟೆ. ಚುಚ್ಚುವುದೂ ಸಾಹಿತ್ಯದ ಕೆಲಸಗಳಲ್ಲೊಂದು. ಅದು ಯಾರಿಗೆ ಚುಚ್ಚಬೇಕಿತ್ತೋ ಅವರಿಗೆ ಚುಚ್ಚುತ್ತಿದೆಯೆ ಎಂಬುದನ್ನು ಮೇಷ್ಟರು ನೋಡಿಕೊಳ್ಳಬೇಕು.

ನಾನು ಕಲಿತದ್ದು ಅಲ್ಪ. ಮರುವರ್ಷ ‘ಒಡಲಾಳ’ಕ್ಕೆ ಬಂದಾಗ ‘ದಲಿತರ ಸ್ಥಿತಿಗತಿ ವಿವರಿಸಿರಿ’ ಎಂಬ ಪ್ರಶ್ನೆಯನ್ನು ಕೈಬಿಟ್ಟೆ. ‘ಆ ಕಳ್ಳೇಕಾಯಿ ಯಾರದು?’ ಎಂದು ಎಲ್ಲರನ್ನೂ ಕೇಳಿದೆ. ಬಿತ್ತಿದವರದು, ಹೊಲದವರದು, ಹಸಿದವರದು ಎಂದು ವಾದ ಬೆಳೆಯಿತು. ಹೊಲಗದ್ದೆಯುಳ್ಳ ಮನೆಯ ಹುಡುಗಿಯೊಬ್ಬಳು ಕೊನೆಗೆ, ‘ಸಾ, ಈ ಕತಗ ನಮ್ಮನನೂ ಸೇರ್ಕತ್ತದ’ ಎಂದಳು. ಸಾಹುಕಾರನ ಜಗಲಿಯ ಮೇಲೆ ನಿಂತು ಅವಳು ಆ ಕಥೆಯನ್ನು ಓದಿಕೊಂಡಿದ್ದಳು. ತರಗತಿ ಅಂದು ಸಮನಾಯಿತೆಂದು ಹೇಳಲಾರೆ. ಸಂಜೆ ಬಸ್ಸಿಳಿದ ಮೇಲೆ ಅವರವರು ಅವರವರ ಬೀದಿಗೇ ಹೋದರು. ಆದರೆ ಆ ಒಂದು ಗಂಟೆ ಯಾರೂ ಸಾಕ್ಷಿಕಟ್ಟೆಯಲ್ಲಿ ನಿಂತಿರಲಿಲ್ಲ. ಎಲ್ಲರೂ ಪುಸ್ತಕದ ಮುಂದೆ ಕುಳಿತಿದ್ದರು.

ಹಿಂದಿನ ವರ್ಷದ ಆ ಹುಡುಗ ಮತ್ತೆ ತರಗತಿಗೆ ಬಂದನೆ ಎಂದು ಓದುಗರು ಕೇಳಬಹುದು. ಬಂದ. ನಾನು ಅವನನ್ನು ಪಕ್ಕಕ್ಕೆ ಕರೆದು ತಪ್ಪಾಯಿತೆಂದೆ. ‘ಬುಡಿ ಸಾ’ ಎಂದ. ಆ ಎರಡು ಮಾತಿನಲ್ಲಿ ಕ್ಷಮೆ ಎಷ್ಟಿತ್ತು, ಬೇಸರ ಎಷ್ಟಿತ್ತು ಎಂಬುದನ್ನು ಅಳೆಯುವಷ್ಟು ನಾನಿನ್ನೂ ಓದಿಲ್ಲ.